ಗುರುಸಿದ್ಧಪ್ಪನವರ ಪಕ್ಕದ ಜಾಗ

ಸುನಂದಾಬಾಯಿ ಗಂಡನ ಪಕ್ಕದಲ್ಲಿ ಕೂತದ್ದು ಮದುವೆಯ ಹಸೆಯ ಮೇಲೆ. ಆಮೇಲೆ ಹಾಗೆ ಕೂರುವ ಪ್ರಸಂಗ ಬರಲಿಲ್ಲ. ಮಿರಜಿನ ಪೇಟೆಯಲ್ಲಿ ಅವರದು ಬೆಲ್ಲ, ಅರಿಸಿನದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವಿನ ಗೋಡೆಯಲ್ಲೊಂದು ಕಿಂಡಿ. ಗುರುಸಿದ್ಧಪ್ಪನವರು ಕಿಂಡಿಗೆ ಬೆನ್ನು ಮಾಡಿ ಗಾದಿಯ ಮೇಲೆ ಕೂರುತ್ತಿದ್ದರು. ಚಹಾ ಬೇಕೆನಿಸಿದಾಗ ತಲೆ ತಿರುಗಿಸದೆ ಗೋಡೆ ತಟ್ಟುತ್ತಿದ್ದರು. ಸುನಂದಾಬಾಯಿ ಕಪ್ಪು-ಬಸಿ ತಂದು ಕಿಂಡಿಯಲ್ಲಿ ಇಡುತ್ತಿದ್ದರು. ಬಸ್ಸಿನಲ್ಲಿ ಹೆಂಗಸರ ಸೀಟು ಬೇರೆ, ಲಗ್ನದ ಮನೆಯಲ್ಲಿ ಹೆಂಗಸರ ಪಂಕ್ತಿ ಬೇರೆ. ಸಾಂಗ್ಲಿಗೆ ಸಿನಿಮಾಕ್ಕೆಂದು ಒಮ್ಮೆ ಹೋಗಿದ್ದಾಗ ನಡುವಿನ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಇದನ್ನು ಸುನಂದಾಬಾಯಿ ಯಾರ ಮುಂದೆಯೂ ದೂರಿದವರಲ್ಲ. ಅವರ ಓಣಿಯಲ್ಲಿ ಯಾವ ಹೆಂಗಸಿನ ಸಂಸಾರವೂ ಬೇರೆ ತರಹ ಇರಲಿಲ್ಲ.

ಒಮ್ಮೆ ಮಾತ್ರ ಗುರುಸಿದ್ಧಪ್ಪನವರೇ ಆ ಮಾತು ಎತ್ತಿದರು. ಅದೇ ಓಣಿಯ ಅನುಸೂಯಾಬಾಯಿ ತೀರಿಕೊಂಡಿದ್ದಳು. ಮಣ್ಣು ಕೊಟ್ಟು ಬಂದು, ಸ್ನಾನ ಮಾಡಿ, ಗಾದಿಯ ಮೇಲೆ ಕೂತು ಗೋಡೆ ತಟ್ಟಿದರು. ಇವರಲ್ಲಿ ಸುಡುವ ಪದ್ಧತಿಯಿಲ್ಲ. ತೀರಿದವರನ್ನು ಕೂತ ಭಂಗಿಯಲ್ಲೇ ನೆಲದೊಳಗೆ ಕೂಡಿಸಿ, ವಿಭೂತಿ ಇಟ್ಟು, ಮಣ್ಣು ಮುಚ್ಚುತ್ತಾರೆ. ಸಮಾಜದ ರುದ್ರಭೂಮಿ ಸಾಂಗ್ಲಿಯಾಚೆ, ಸಮಡೋಳಿಯ ಕಡೆ ಹೋಗುವ ದಾರಿಯಲ್ಲಿ, ಹೊಳೆಯ ದಂಡೆಗಿದೆ.

“ಅಲ್ಲೆ ಒಂದು ಜಾಗ ನೋಡೇನಿ,” ಎಂದರು, ಎಂದಿನಂತೆ ಅಂಗಡಿಯ ಬಾಗಿಲಿನ ಕಡೆ ಮುಖ ಮಾಡಿಕೊಂಡೇ. “ಇಬ್ಬರಿಗೆ ಸಾಕಾಗೂವಷ್ಟು. ಇಲ್ಲಂತೂ ಆಗಲಿಲ್ಲ, ಅಲ್ಲೆರ ಬಾಜೂಕ ಕುಂದ್ರೂಣು.”

“ಅಲ್ಲಿ ಚಾ ಯಾರು ಕೊಡ್ತಾರ?” ಎಂದರು ಸುನಂದಾಬಾಯಿ ಒಳಗಿನಿಂದ.

“ಅನುಸೂಯಾಬಾಯಿ ಅದಾಳಲ್ಲ, ಹತ್ತರದಾಗ.”

ಅಷ್ಟರಲ್ಲಿ ಬೆಲ್ಲಕ್ಕೆ ಗಿರಾಕಿ ಬಂತು, ಮಾತು ಅಲ್ಲಿಗೇ ನಿಂತಿತು. ಸುನಂದಾಬಾಯಿಗೆ ಅನುಸೂಯಾಬಾಯಿಯೊಡನೆ ಇಪ್ಪತ್ತು ವರ್ಷಗಳಿಂದ ನಲ್ಲಿ ನೀರಿನ ಜಗಳವಿತ್ತು. ಗುರುಸಿದ್ಧಪ್ಪನವರಿಗೆ ಅದು ಗೊತ್ತಿತ್ತು, ಅದಕ್ಕೇ ಹಾಗೆಂದಿದ್ದರು.

ಅವರು 2017ರಲ್ಲಿ ತೀರಿಕೊಂಡರು. ಅವರು ನೋಡಿಟ್ಟ ಜಾಗವೇ ಸಿಕ್ಕಿತು, ಅವರ ಪೂರ್ವಕ್ಕೆ ಒಬ್ಬರ ಜಾಗವನ್ನು ರುದ್ರಭೂಮಿ ನೋಡಿಕೊಳ್ಳುವ ಟ್ರಸ್ಟಿನವರು ಸುನಂದಾಬಾಯಿಗೆಂದು ಖಾಲಿ ಬಿಟ್ಟರು. ಗುರುತಿಗೆ ಒಂದು ಸಣ್ಣ ಚಪ್ಪಡಿ ಹಾಕಿದರು. ಮಗಳನ್ನು ಇಚಲಕರಂಜಿಗೆ ಕೊಟ್ಟಾಗಿತ್ತು. ಅಂಗಡಿಯನ್ನು ಮೊಬೈಲು ಮಾರುವ ಹುಡುಗನೊಬ್ಬನಿಗೆ ಬಾಡಿಗೆಗೆ ಕೊಟ್ಟರು. ಅವನು ಬಣ್ಣ ಹೊಡೆಸುವಾಗ ಕಿಂಡಿಯನ್ನು ಇಟ್ಟಿಗೆಯಿಂದ ಮುಚ್ಚಿಸಿದ. ಸುನಂದಾಬಾಯಿ ಬೇಡವೆನ್ನಲಿಲ್ಲ. ಪ್ರತಿ ಅಮಾವಾಸ್ಯೆಗೆ ಮಿರಜಿನಿಂದ ಸಾಂಗ್ಲಿಗೆ ಬಸ್ಸು, ಅಲ್ಲಿಂದ ರಿಕ್ಷಾ. ಕೈಯಲ್ಲಿ ಬಿಲ್ವಪತ್ರೆ, ವಿಭೂತಿ. ಅಲ್ಲಿ ಹೋಗಿ ಚಪ್ಪಡಿಯ ಪೂರ್ವಕ್ಕೆ, ತಮ್ಮ ಜಾಗದಲ್ಲಿ ಕೂರುತ್ತಿದ್ದರು. ಅಳುವುದು, ಮಾತಾಡುವುದು ಇಲ್ಲ. ಕೂತು ಬರುವುದು.

ಎರಡು ವರ್ಷದ ನಂತರ ಕೃಷ್ಣೆ ಊರೊಳಗೆ ಬಂದಳು. ರುದ್ರಭೂಮಿಯ ಮೇಲೆ ವಾರಗಟ್ಟಲೆ ನೀರು ನಿಂತಿತು. ನೀರು ಇಳಿದ ಮೇಲೆ ನೋಡಿದರೆ ಮೊಣಕಾಲುದ್ದ ಮಣ್ಣು ಕೂತಿತ್ತು. ಚಪ್ಪಡಿಗಳು ಎಲ್ಲಿ ಹೋದವೋ. ಕಾಣುತ್ತಿದ್ದದ್ದು ಒಂದೇ, ಅನುಸೂಯಾಬಾಯಿಯ ಮಕ್ಕಳು ಹಟ ಹಿಡಿದು ಕಟ್ಟಿಸಿದ್ದ ಕರಿಗಲ್ಲಿನ ಗದ್ದುಗೆ. ಕೆಸರಿನಲ್ಲಿ ಅದು ಎಮ್ಮೆಯ ಬೆನ್ನಿನ ಹಾಗೆ ತೇಲುತ್ತಿತ್ತು.

ಗುಂಡಿ ತೋಡುವ ಪರಸಪ್ಪ ಅಥಣಿಯ ಕಡೆಯಿಂದ ಕೂಲಿಗೆ ಬಂದು ಇಲ್ಲೇ ನಿಂತವನು. ಅವನನ್ನು ಕೇಳಿದಾಗ ಬೇವಿನ ಗಿಡದ ಬುಡ ತೋರಿಸಿ, “ಇಲ್ಲೇರಿ ಅವ್ವಾರ,” ಅಂದ. ಅಂದಿನಿಂದ ಸುನಂದಾಬಾಯಿ ಬೇವಿನ ಬುಡದಲ್ಲಿ ಕೂತರು. ಐದು ವರ್ಷ ಹಾಗೆ ನಡೆಯಿತು. ಈ ವರ್ಷ ಒಂದು ಅಮಾವಾಸ್ಯೆಯಂದು ಬಸ್ಸು ತಡವಾಗಿ ಹೋದರೆ, ಬೇವಿನ ಬುಡದಲ್ಲಿ ಇನ್ನೊಬ್ಬ ಹೆಂಗಸು ಕೂತು ಪತ್ರಿ ಏರಿಸುತ್ತಿದ್ದಳು.

“ಯಾರದರಿ ಇದು?” ಎಂದು ಕೇಳಿದರು.

“ನಮ್ಮ ಮನಿಯವರದು,” ಎಂದಳು ಆ ಹೆಂಗಸು. “ಪರಸಪ್ಪ ತೋರಿಸ್ಯಾನ.”

ಸುನಂದಾಬಾಯಿ ನೆಟ್ಟಗೆ ಪರಸಪ್ಪನ ಗುಡಿಸಲಿಗೆ ಹೋದರು.

“ಆ ಗಿಡದ ಬುಡಕ ಎಷ್ಟು ಮಂದೀನ ಕೂಡಿಸೀಯೋ?”

ಪರಸಪ್ಪ ಸಲಿಕೆ ಕೆಳಗಿಟ್ಟ. “ಏನ್ ಮಾಡ್ಲಿರಿ ಅವ್ವಾರ. ಹೊಳಿ ಬಂದು ಹೋದಮ್ಯಾಲೆ ನೆಲಾನ ಬ್ಯಾರೆ ಆಗೇತಿ. ಗೊತ್ತಿಲ್ಲ ಅಂದ್ರ ಅಳತಾರ. ತೋರಿಸಿದ್ರ ಸುಮ್ಮ ಆಕ್ಕಾರ.”

“ನಾ ಏನು ಅತ್ತಿದ್ನೇನು?”

“ನೀವು ಅಳಲಿಲ್ರಿ. ಅದಕ್ಕ ಹೆಚ್ಚು ಅಂಜಿಕಿ ಬಂತು.”

ಅವನನ್ನು ಬೈಯಬೇಕೆಂದು ಹೋಗಿದ್ದ ಸುನಂದಾಬಾಯಿಗೆ ಬೈಗುಳ ಸಿಗಲಿಲ್ಲ. ಆ ದಿನ ಎಲ್ಲಿ ಕೂರಬೇಕೆಂದೂ ತಿಳಿಯಲಿಲ್ಲ. ಬಿಲ್ವಪತ್ರೆಯನ್ನು ಮರಳಿ ಚೀಲದಲ್ಲಿಟ್ಟುಕೊಂಡು ಬಂದರು.

ಅದೇ ಬೇಸಿಗೆಯಲ್ಲಿ ಟ್ರಸ್ಟಿನಿಂದ ಸುದ್ದಿ ಬಂತು. ಮಳೆಗಾಲಕ್ಕೆ ಮುಂಚೆ ರುದ್ರಭೂಮಿಯನ್ನು ಸಪಾಟು ಮಾಡಿ, ಹಳಬರೆಲ್ಲರ ಹೆಸರು ಕೆತ್ತಿ ಒಂದು ಸಾಮೂಹಿಕ ಕಟ್ಟೆ ಕಟ್ಟುವುದು, ಉಳಿದ ನೆಲವನ್ನು ಹೊಸಬರಿಗೆ ಸಾಲಾಗಿ ಕೊಡುವುದು. ಗಂಡನ ಅಥವಾ ಹೆಂಡತಿಯ ಪಕ್ಕ ಮೊದಲೇ ಕಾದಿಟ್ಟ ಜಾಗಗಳು ಉಳಿಯಬೇಕಾದರೆ, ತೀರಿದವರು ಎಲ್ಲಿದ್ದಾರೆಂದು ತೋರಿಸಬೇಕು.

ಟ್ರಸ್ಟಿನ ಆಫೀಸು ಸಾಂಗ್ಲಿಯಲ್ಲಿ ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿತ್ತು. ಕಾರ್ಯದರ್ಶಿ ನಿಲೇಶ ನೀರಿನ ಪೈಪಿನ ವ್ಯಾಪಾರಿ; ಮನೆಮಾತು ಕನ್ನಡ, ಆದರೆ ಅದು ಅವನ ಬಾಯಲ್ಲಿ ಅರ್ಧ ದಾರಿಗೆ ಬಂದು ಮರಾಠಿಗೆ ಹೊರಳುತ್ತಿತ್ತು. ಸುನಂದಾಬಾಯಿ ತಮ್ಮ ಜೊತೆಗೆ ಸುಮನಳನ್ನು ಕರೆದುಕೊಂಡು ಹೋದರು. ಸುಮನ ಅವರ ತಮ್ಮನ ಮಗಳು. ಸಾಂಗ್ಲಿಯಲ್ಲಿ ಅರಿಸಿನದ ದಲಾಲಿ ನಡೆಸುವ ಅಡತಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಮಹಾಪೂರಕ್ಕೆ ಮೊದಲಿನ ವರ್ಷ, ಉಪಗ್ರಹದಿಂದ ಅಕ್ಷಾಂಶ ರೇಖಾಂಶ ಹೇಳುವ ಯಂತ್ರವೊಂದನ್ನು ಕಾಲೇಜಿನವರಿಂದ ಎರವಲು ತಂದು, ಒಂದೇ ಮುಂಜಾನೆಯಲ್ಲಿ ರುದ್ರಭೂಮಿಯ ಪ್ರತಿಯೊಂದು ಜಾಗವನ್ನೂ ಅಳೆದು ಡೇಟಾಬೇಸಿನಲ್ಲಿ ಸೇರಿಸಿಟ್ಟವಳು ಅವಳೇ. ಆಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ಯಂತ್ರ ಕಾಲೇಜಿಗೆ ಹೋಗಿ, ಅದರೊಳಗಿನ ನೆನಪೆಲ್ಲ ಅಳಿಸಿಹೋಗಿತ್ತು.

ನಿಲೇಶ ಕಂಪ್ಯೂಟರಿನ ಮುಖವನ್ನು ಇವರ ಕಡೆ ತಿರುಗಿಸಿದ.

“ಹೆಸರು ಹೇಳ್ರಿ, ಕಾಕು,” ಎಂದ, ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ.

ಸುನಂದಾಬಾಯಿ ಗಂಡನ ಹೆಸರು ಹೇಳುವವರಲ್ಲ. ಪರದೆಯ ಮೇಲೆ ಬೆರಳಿಟ್ಟರು. ಗುರುಸಿದ್ಧಪ್ಪನವರ ಮುಂದೆ 16.8391, 74.5407 ಎಂದಿತ್ತು. ಅದರ ಕೆಳಗಿನವರ ಮುಂದೆಯೂ 16.8391, 74.5407. ಅದರ ಕೆಳಗೂ ಅದೇ. ಹನ್ನೆರಡು ಹೆಸರಿಗೆ ಒಂದೇ ಅಂಕಿ. ಅದರಲ್ಲಿ ಅನುಸೂಯಾಬಾಯಿಯದೂ ಒಂದು.

“ಬಘಾ, ನೋಡ್ರಿ,” ಎಂದ ನಿಲೇಶ, “ಎಲ್ಲಾರೂ ಒಂದ ಜಾಗಾದಾಗ ಅದಾರ. ಅದಕ್ಕ ನಾವು ಹೇಳೂದು, ಸಾಮೂಹಿಕ ಕಟ್ಟಿ ಮಾಡೂಣು ಅಂತ. ಅನುಸೂಯಾ ಆಜಿ ಗದ್ದಗಿ ಕಾಣತೈತಿ, ಅಲ್ಲೇ ಕಟ್ಟಿ.”

“ನಮ್ಮವರು ಅನುಸೂಯಾನ ತೊಡೀಮ್ಯಾಲೆ ಕುಂತಾರೇನು?”

ನಿಲೇಶ ನಗಬಾರದೆಂದು ಚಹಾದ ಕಪ್ಪು ಎತ್ತಿಕೊಂಡ. ಸುಮನ ನಗಲಿಲ್ಲ. ಮೌಸನ್ನು ಅವನ ಕೈಯಿಂದ ತೆಗೆದುಕೊಂಡು ಪರದೆಯನ್ನೇ ನೋಡುತ್ತಿದ್ದಳು. ಅವಳು ಅಳೆದಾಗ ಯಂತ್ರದ ಮೇಲೆ ಇನ್ನೂ ಉದ್ದದ ಅಂಕಿಗಳಿದ್ದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಒಂದೊಂದನ್ನೂ ತಾನೇ ಒತ್ತಿದ್ದಳು. ದಶಾಂಶ ಬಿಂದುವಿನ ಆಚೆ ನಾಲ್ಕೇ ಸ್ಥಾನವೆಂದರೆ ಮೂವತ್ತಾರು ಅಡಿ ಉದ್ದಗಲದ ಚೌಕ, ಒಂದು ಮದುವೆಯ ಹಂದರ. ಹಂದರದೊಳಗಿನವರೆಲ್ಲ ಒಂದೇ ಕಂಬಕ್ಕೆ ಕೂತಂತೆ ಕಾಣುತ್ತಿದ್ದರು.

ಅವಳು ಕೀಲಿಮಣೆಯ ಮೇಲೆ ಒಂದು ಪ್ರಶ್ನೆ ಬರೆದಳು: ಅಕ್ಷಾಂಶ 16.8391ಕ್ಕೆ ಸಮನಾಗಿರುವವರು ಯಾರು ಯಾರು?

ಉತ್ತರ ಬಂತು: ಯಾರೂ ಇಲ್ಲ.

“ಇದೇನಿದು,” ಎಂದರು ಸುನಂದಾಬಾಯಿ. “ಕಣ್ಣಿಗೆ ಕಾಣತಾರ, ಕೇಳಿದ್ರ ಇಲ್ಲ ಅಂತೈತಿ?”

“ತಡೀರಿ ಅತ್ಯಾ,” ಎಂದಳು ಸುಮನ. ಅವಳಿಗೆ ಅಡತಿಯ ಸಂಗತಿಯೊಂದು ನೆನಪಾಗಿತ್ತು.

ಅಡತಿಯಲ್ಲಿ ಹಂಗಾಮು ಮುಗಿದಾಗ ಅರಿಸಿನದ ಒಟ್ಟು ತೂಕ ತೆಗೆಯುತ್ತಾರೆ. ಒಂದು ವರ್ಷ ಅದು 1234570 ಕಿಲೋ ಎಂದು ಬಂತು. ಸೊನ್ನೆಯಲ್ಲಿ ಮುಗಿಯುವುದು ಅಪಶಕುನ ಎಂದು ಅಡತಿಯ ಶೇಠಜಿ ಗಣಪತಿಯ ಹೆಸರಿನಲ್ಲಿ ಒಂದು ಕಿಲೋ ಸೇರಿಸಲು ಹೇಳಿದ. ಸುಮನ ಸೇರಿಸಿದಳು. ಪರದೆಯ ಮೇಲೆ ಮತ್ತೆ 1234570. ಮತ್ತೊಮ್ಮೆ ನೋಡಿದರೂ ಅದೇ. ದೇವರೇ ಆ ಕಿಲೋ ಒಪ್ಪಿಸಿಕೊಂಡ ಎಂದು ಶೇಠಜಿ ಕೈಮುಗಿದು ಎದ್ದುಹೋದ. ಆದರೆ ಶೇಠಜಿಯ ಕಣ್ಣಿಗೆ ಬೀಳದೆ ಸೊನ್ನೆಯಲ್ಲೇ ಮುಗಿದಿದ್ದ ಹಿಂದಿನ ವರ್ಷದ್ದನ್ನೂ ಇದನ್ನೂ ಕೂಡಿಸಿದಾಗ, ಸೊನ್ನೆಗೆ ಸೊನ್ನೆ ಸೇರಿ ಮೊತ್ತದ ಕೊನೆಯಲ್ಲಿ ಏಳು ಬಂತು. ಅಂದು ಅವಳಿಗೆ ವಿಚಿತ್ರವೆನಿಸಿತ್ತು, ಕೆಲಸದ ಗಡಿಬಿಡಿಯಲ್ಲಿ ಬಿಟ್ಟುಬಿಟ್ಟಿದ್ದಳು. ರುದ್ರಭೂಮಿಯ ಡೇಟಾಬೇಸಿಗೆ ಅವಳು ಹೊಸ ಅಚ್ಚು ಮಾಡಿರಲಿಲ್ಲ. ಅರಿಸಿನದ ಚೀಲದ ತೂಕ ಇಡುತ್ತಿದ್ದ ಅಂಕಣವನ್ನೇ ನಕಲು ಮಾಡಿ, ಅದರಲ್ಲಿ ಸತ್ತವರ ಅಕ್ಷಾಂಶ ರೇಖಾಂಶ ತುಂಬಿದ್ದಳು. ಚೀಲಕ್ಕೆ ಆರು ಅಂಕಿ ಧಾರಾಳ ಸಾಕು.

“ಈ ತರದ ಅಂಕಣ ಎಷ್ಟೇ ಅಂಕಿ ಕೊಟ್ರೂ ತೋರಸೂವಾಗ ಆರೇ ಅಂಕಿಗೆ ದುಂಡಗ ಮಾಡಿ ತೋರಸತೈತಿ,” ಎಂದಳು ಸುಮನ. “ಒಳಗ ಇನ್ನೂ ಇಟಗೊಂಡಿರತೈತಿ. ಲೆಕ್ಕಕ್ಕ ಹಚ್ಚಿದ್ರ ಹೊರಗ ಬರತೈತಿ.”

ಅವಳು ಅಕ್ಷಾಂಶಕ್ಕೆ ಸೊನ್ನೆಯನ್ನು ಕೂಡಿಸು ಎಂದು ಬರೆದಳು. ಸೊನ್ನೆ ಕೂಡಿಸಿದರೆ ಏನೂ ಬದಲಾಗಬಾರದು. ಆದರೆ ಹನ್ನೆರಡು ಸಾಲುಗಳೂ ಒಮ್ಮೆಗೇ ಉದ್ದಕ್ಕೆ ಚಾಚಿಕೊಂಡವು, ಒಂದರ ಹಾಗೆ ಇನ್ನೊಂದಿಲ್ಲ. ಗುರುಸಿದ್ಧಪ್ಪನವರ ಸಾಲಿನಲ್ಲಿ 16.839130401611328 ಎಂದು ಬಂತು.

ಸುನಂದಾಬಾಯಿ ಕನ್ನಡಕ ಮೇಲೇರಿಸಿ ಓದಿದರು. ಅಂಗಡಿಯಲ್ಲಿ ಗುರುಸಿದ್ಧಪ್ಪನವರು ಬೆಲ್ಲ ತೂಗಿ, ತಕ್ಕಡಿ ಸಮ ನಿಂತ ಮೇಲೆ ಒಂದು ಸಣ್ಣ ತುಂಡು ಮುರಿದು ಹಾಕುತ್ತಿದ್ದರು, ಕೊಸರೆಂದು. ಆ ತುಂಡು ಯಾವ ತೂಕದಲ್ಲೂ ಕಾಣುತ್ತಿರಲಿಲ್ಲ, ಗಿರಾಕಿಯ ಚೀಲದಲ್ಲಿ ಮಾತ್ರ ಇರುತ್ತಿತ್ತು. ಈ ಉದ್ದನೆಯ ಬಾಲ ನೋಡಿ ಅವರಿಗೆ ಅದು ನೆನಪಾಯಿತು.

“ಅಷ್ಟು ಅಂಕಿ ಅಂದ್ರ, ಸಾಸಿವಿ ಕಾಳಿನಷ್ಟು ಸಹಿತ ತಪ್ಪಂಗಿಲ್ಲ ಅಲ್ಲ?”

ಸುಮನ ಸುಳ್ಳು ಹೇಳಬಹುದಿತ್ತು. ಬೇವಿನ ಗಿಡ ತೋರಿಸುವುದು ಸುಲಭ.

“ಇಲ್ಲ ಅತ್ಯಾ. ಮೊದಲಿನ ಏಳೆಂಟು ಅಂಕಿ ನಾವು ಕೊಟ್ಟದ್ದು. ಉಳದದ್ದು ನಮ್ಮದಲ್ಲ. ಕಂಪ್ಯೂಟರ್ ಸೊನ್ನಿ, ಒಂದು ಅನ್ನೂ ತನ್ನ ಎರಡೇ ಅಂಕಿ ಲೆಕ್ಕದಾಗ ಹತ್ತರದ್ದೊಂದು ಹಿಡಕೊಂಡು, ಅದನ್ನ ನಮ್ಮ ಲೆಕ್ಕಕ್ಕ ತಿರುಗಿಸಿದಾಗ ಬರೂ ಬಾಲ. ಅದನ್ನ ನಂಬಬಾರದು.”

“ಮತ್ತ ಎಷ್ಟು ನಂಬಬೇಕು?”

“ಉತ್ತರ ದಕ್ಷಿಣ ಒಂದು ಗೇಣು. ಪೂರ್ವ ಪಶ್ಚಿಮ ಎರಡು ಮೊಳಕ್ಕ ತುಸು ಕಮ್ಮಿ.”

“ಅದ್ಯಾಕ ಹಂಗ?”

“ಎಪ್ಪತ್ನಾಕು ಹದಿನಾರಕ್ಕಿಂತ ದೊಡ್ಡದು. ಇರೂ ಜಾಗ ಎರಡಕ್ಕೂ ಅಷ್ಟ. ಬಿಂದುವಿನ ಈಚಿನ ಅಂಕಿ ದೊಡ್ಡದಾದ್ರ ಆಚಿನದಕ್ಕ ಜಾಗ ಸಾಲೂದಿಲ್ಲ.”

ತುಂಬಿದ ಮನೆಯಲ್ಲಿ ಬಾಳಿದ ಸುನಂದಾಬಾಯಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಆದರೆ ಅವರ ಜಾಗವಿದ್ದದ್ದು ಗಂಡನ ಪೂರ್ವಕ್ಕೆ. ಅನುಮಾನ ಉಳಿದದ್ದೂ ಆ ದಿಕ್ಕಿಗೇ.

ಈಗ ನಿಲೇಶ ಬಾಯಿ ಹಾಕಿದ. ಅವನ ಮಾತೂ ಸುಳ್ಳಲ್ಲ. “ಅಗಂ ಸುಮನತಾಯಿ, ಆ ಯಂತ್ರಾನ ಹತ್ತು ಹದಿನೈದು ಅಡಿ ತಪ್ಪತೈತಿ. ಅದರ ಮ್ಯಾಲೆ ಗೇಣು, ಮೊಳ ಅಂದ್ರ ಹೆಂಗ?”

“ಆಕಾಶದಿಂದ ನೋಡಿದ್ರ ತಪ್ಪತೈತಿ,” ಎಂದಳು ಸುಮನ. “ಆದ್ರ ಒಂದ ಮುಂಜಾನೆ, ಒಂದ ಯಂತ್ರ. ತಪ್ಪಿದ್ರ ಎಲ್ಲಾರನ್ನೂ ಹೆಚ್ಚುಕಮ್ಮಿ ಒಂದ ಕಡೆ ತಳ್ಳಿರತೈತಿ. ಒಬ್ಬರಿಂದ ಇನ್ನೊಬ್ಬರಿಗೆ ಇರೂ ಅಂತರ ಅಷ್ಟು ತಪ್ಪಂಗಿಲ್ಲ. ಕಾಣೂ ಗುರತ ಒಂದೇ ಒಂದು ಇದ್ರ ಸಾಕು, ಅದರಿಂದ ಅಳೀಬಹುದು.”

ಕಾಣುವ ಗುರುತು ಯಾವುದೆಂದು ಮೂವರಿಗೂ ಗೊತ್ತಿತ್ತು.

“ಆ ಹೆಂಗಸಿನ ಕಡೆಯಿಂದಾನ ಹೋಗಬೇಕಾತು,” ಎಂದರು ಸುನಂದಾಬಾಯಿ.

ಸುಮನ ಎರಡು ಸಾಲುಗಳನ್ನು ಒಂದರಿಂದೊಂದು ಕಳೆದಳು. ಅನುಸೂಯಾಬಾಯಿಯ ಗದ್ದುಗೆಯಿಂದ ದಕ್ಷಿಣಕ್ಕೆ ಹದಿಮೂರು ಅಡಿ ಚಿಲ್ಲರೆ, ಅಲ್ಲಿಂದ ಪಶ್ಚಿಮಕ್ಕೆ ಎಂಟು ಅಡಿ. ಬೇವಿನ ಗಿಡ ಅಲ್ಲಿಂದ ಬಹಳ ದೂರ. ಐದು ವರ್ಷ ಯಾರ ಎದುರಿಗೋ ಕೂತು ಬಂದದ್ದಾಯಿತು. ಸುನಂದಾಬಾಯಿ ಅದನ್ನೂ ಒಂದು ಕ್ಷಣ ಯೋಚಿಸಿದರು. ಅಲ್ಲಿ ಇದ್ದವರಿಗೆ ಪತ್ರಿ ಮುಟ್ಟಿತು, ವ್ಯರ್ಥವೇನಲ್ಲ ಎಂದುಕೊಂಡು ಬಿಟ್ಟರು.

ಮುಂದಿನ ಅಮಾವಾಸ್ಯೆಯ ಮುಂಜಾನೆ ಪರಸಪ್ಪನೂ ಸೇರಿ ನಾಲ್ವರು ರುದ್ರಭೂಮಿಯಲ್ಲಿದ್ದರು. ನಿಲೇಶ ತನ್ನ ಅಂಗಡಿಯಿಂದ ಅಳತೆಯ ಟೇಪು ತಂದಿದ್ದ; ಪೈಪು ಅಳೆಯುವಾಗಿನ ಶಿಸ್ತಿನಿಂದಲೇ ಅದನ್ನು ಹಿಡಿದ. ಸುಮನ ಮೊಬೈಲಿನಲ್ಲಿ ದಿಕ್ಕು ನೋಡಿದಳು. ಪರಸಪ್ಪ ಗದ್ದುಗೆಯ ಬಳಿ ಟೇಪಿನ ತುದಿ ಒತ್ತಿಕೊಂಡು ಕೂತ. ಟೇಪು ಬಿಚ್ಚುವ ಮೊದಲು ಸುನಂದಾಬಾಯಿ ಕರಿಗಲ್ಲಿನ ಮೇಲಿನ ಕಸವನ್ನು ಸೆರಗಿನಿಂದ ಒರೆಸಿ, ನಾಲ್ಕು ಎಸಳು ಬಿಲ್ವ ಇಟ್ಟರು.

“ನಲ್ಲಿ ನೀರು ನೀನ ಮೊದಲು ತುಂಬಿಕೊ,” ಎಂದರು ಕಲ್ಲಿಗೆ. “ಆತಿಲ್ಲ?”

ಅಳೆದು ಮುಗಿದಾಗ ಪರಸಪ್ಪ ಅಲ್ಲಿ ಒಂದು ಗೂಟ ಹೊಡೆದ. ಸುತ್ತಲೂ ಬೇರೇನೂ ಇರಲಿಲ್ಲ, ಹೊಳೆಯ ಒಣಮಣ್ಣು, ಅದರ ಮೇಲೆ ಬೆಳೆದ ಕರಿಕೆ ಹುಲ್ಲು. ಸುನಂದಾಬಾಯಿ ಗೂಟವನ್ನು ನೋಡಿ ನಿಂತರು. ಗುರುತು ಹತ್ತುವಂಥದ್ದು ಏನಾದರೂ ಇದ್ದೀತೆಂದು ಹುಡುಕಿದರು, ಸಿಗಲಿಲ್ಲ. ಇಲ್ಲೇ ಎಂದು ಮನಸ್ಸು ಹೇಳುತ್ತದೆ ಎನ್ನುವವರಿದ್ದಾರೆ. ಅವರ ಮನಸ್ಸು ಏನೂ ಹೇಳಲಿಲ್ಲ. ಬೇವಿನ ಬುಡದಲ್ಲೂ ಅದು ಸುಮ್ಮನೇ ಇತ್ತು. ಹೀಗಾಗಿ ಅವರು ಅಳತೆಯನ್ನೇ ನಂಬಿದರು. ಗೂಟದ ಬುಡಕ್ಕೆ ವಿಭೂತಿ ಹಾಕಿ, ಪತ್ರಿ ಇಟ್ಟರು.

“ಕಾಕು,” ಎಂದ ನಿಲೇಶ. ದನಿ ಮೆತ್ತಗಾಗಿತ್ತು. “ಪೂರ್ವಕ್ಕ ನಿಮ್ಮ ಜಾಗ ಕೊಡಾಕ ಟ್ರಸ್ಟಿಂದು ತಕರಾರಿಲ್ಲ. ಆದ್ರ ಎರಡು ಮೊಳ ಆ ಕಡೆ ಈ ಕಡೆ ಆಗಬಹುದು ಅಂತಾಳ ಸುಮನತಾಯಿ. ನಾಳೆ ತೋಡೂವಾಗ ಕಾಕಾರಿಗೆ ತಾಗಿದ್ರ? ಮ್ಹಣೂನ, ಅದಕ್ಕ, ತುಸು ದೂರ ಹಿಡದು ಗುರತ ಹಾಕೂಣು. ನಾಕು ಅಡಿ ಬಿಟ್ಟು.”

“ದೂರ ಬ್ಯಾಡ.”

“ತಾಗಿದ್ರ?”

“ನಲವತ್ತು ವರ್ಷ ಒಂದ ಮನ್ಯಾಗ ಇದ್ದವರು. ಮೊಣಕೈ ತಾಗಿದ್ರ ಅವರೇನು ಬೈಯಂಗಿಲ್ಲ,” ಎಂದರು ಸುನಂದಾಬಾಯಿ. “ಗೋಡಿ ಇತ್ತು, ತಾಗತಿರಲಿಲ್ಲ, ಅಷ್ಟ.”

ನಿಲೇಶ ಸುಮನಳ ಮುಖ ನೋಡಿದ. ಅವಳು ಟೇಪು ಸುತ್ತುತ್ತಿದ್ದಳು. ಪರಸಪ್ಪ ಸುಣ್ಣದ ಪುಡಿಯ ಡಬ್ಬಿ ಹಿಡಿದು, ಯಾರ ಮಾತು ಕೇಳಬೇಕೆಂದು ತಿಳಿಯದೆ ನಿಂತಿದ್ದ.

“ಎಲ್ಲಿ ಗೆರಿ ಎಳೀಲಿರಿ ಅವ್ವಾರ?”

ಸುನಂದಾಬಾಯಿ ಚಪ್ಪಲಿ ಬಿಟ್ಟರು. ಗೂಟದ ಪೂರ್ವಕ್ಕೆ ಬಂದು, ಒಂದು ಕೈಯನ್ನು ನೆಲಕ್ಕೂರಿ, ಮಂಡಿಯ ನೋವಿಗೆ ಒಮ್ಮೆ ತುಟಿ ಕಚ್ಚಿ, ನೆಲದ ಮೇಲೆ ಪದ್ಮಾಸನ ಹಾಕಿ ಕೂತರು. ಸೆರಗು ಸರಿಮಾಡಿಕೊಂಡರು. ಮುಖ ಗೂಟದ ಕಡೆ ತಿರುಗಿಸಲಿಲ್ಲ. ಅವರ ಎದುರಿಗೆ ಹೊಳೆಯಿತ್ತು, ಅದನ್ನೇ ನೋಡಿದರು. ಪಕ್ಕದಲ್ಲಿ ಕೂತವರು ಒಬ್ಬರನ್ನೊಬ್ಬರು ನೋಡುತ್ತ ಕೂರುವುದಿಲ್ಲ.

“ನನ್ನ ಸುತ್ತ ಎಳಿ,” ಎಂದರು.

ಪರಸಪ್ಪ ಬಗ್ಗಿ, ಅವರ ಬೆನ್ನ ಹಿಂದಿನಿಂದ ಸುಣ್ಣ ಬಿಡುತ್ತ ಬಂದ. ಗೆರೆ ಅವರ ಬಲಗಡೆಗೆ, ಗೂಟದ ಬದಿಗೆ ಬರುತ್ತಿತ್ತು.

“ತಡಿ,” ಎಂದರು ಸುನಂದಾಬಾಯಿ. ಅವನು ಡಬ್ಬಿಯನ್ನು ನೆಟ್ಟಗೆ ಹಿಡಿದ. ಅವರು ಎರಡೂ ಕೈಗಳನ್ನು ನೆಲಕ್ಕೂರಿ, ಕೂತಲ್ಲಿಂದಲೇ ಪಶ್ಚಿಮಕ್ಕೆ ಒಂದು ಗೇಣು ಸರಿದರು.

“ಹಾಂ. ಈಗ ಎಳಿ.”